ಗೋಡೆಗೆ ಹೊದಿಕೆ ಇದೆ

ಒಪೋಲೆ, 29 ಮೇ 2022

ನನ್ನ ಮುದ್ದು ದೊಡ್ಡಮ್ಮ,

ಮದುವೆಯಾಗಿ ಹದಿನೈದು ದಿನ! ಬೆಳಿಗ್ಗೆ ಎದ್ದು ಪಕ್ಕದಲ್ಲಿ ಶಿಮೋನ್ ಬಾಯಿ ತೆರೆದುಕೊಂಡು ಮಲಗಿರುವುದನ್ನು ನೋಡಿದರೆ ಈಗಲೂ ನಗು ಉಕ್ಕುತ್ತದೆ. ಇವನು ನನ್ನ ಗಂಡನಂತೆ! ನಿನ್ನೆ ನನಗಾಗಿ ಆಲೂಗಡ್ಡೆ ಕಡುಬು ಮಾಡಲು ಹೋಗಿ ಪಾತ್ರೆಯ ತುಂಬ ಗಂಜಿ ಮಾಡಿದ. ಇಬ್ಬರೂ ಅದನ್ನೇ ಚಮಚದಲ್ಲಿ ತಿಂದೆವು. ಅಷ್ಟು ರುಚಿಯಾದ ಗಂಜಿಯನ್ನು ನಾನು ಜನ್ಮದಲ್ಲಿ ತಿಂದಿಲ್ಲ, ಆಣೆ ಮಾಡಿ ಹೇಳುತ್ತೇನೆ!

ಫೋನ್ ಮಾಡಿದರೆ ನೀನು "ಹಾಂ? ಏನು? ಹಾಂ?" ಎನ್ನುತ್ತೀ. ಗಣಿಯಲ್ಲಿ ಇಪ್ಪತ್ತೆರಡು ವರ್ಷ ಕಲ್ಲಿದ್ದಲಿನಿಂದ ಕಲ್ಲು ಆರಿಸುವ ಯಂತ್ರದ ಗದ್ದಲದಲ್ಲಿ ನಿಂತ ಕಿವಿಗಳಿಗೆ ಕಾಗದವೇ ಸರಿ. ಅದಕ್ಕೇ ಬರೆಯುತ್ತಿದ್ದೇನೆ. ಒಂದು ದೊಡ್ಡ ಸುದ್ದಿ ಇದೆ.

ಮದುವೆಗೆ ಒಂದು ವಾರ ಮುಂಚೆ ನೀನೂ ನಾನೂ ಲಿಪೊವಾ ಬೀದಿಯಲ್ಲಿ ಮನೆಮನೆಗೆ ಹೋಗಿ ಮದುವೆಯ ಕೊವೋಚ್ ಕೇಕು ಹಂಚಿದೆವಲ್ಲ, ಆ ಕಥೆಯನ್ನು ಶಿಮೋನ್‌ಗೆ ಹೇಳುತ್ತಿದ್ದೆ. ಹತ್ತು ಮನೆ, ಮನೆಗೊಂದು ಗಸಗಸೆಯ ತುಂಡು, ಒಂದು ಗಿಣ್ಣಿನ ತುಂಡು. ಎಲ್ಲರೂ ಕೂರಿಸಿ ಕಾಫಿ ಕೊಟ್ಟದ್ದು, ಎರ್ವಿನ್ ಮಾವ "ಮದುಮಗ ಗಣಿ ಕೆಲಸದವನು ಅಲ್ವಂತಾ? ಹಂಗಾದ್ರೆ ಗಂಡಸು ಹೌದೋ ಅಲ್ವೋ ಸರಿಯಾಗಿ ವಿಚಾರಿಸಿದ್ದೀರಾ?" ಎಂದು ಕೇಳಿದ್ದು, ಎಲ್ಲ ಹೇಳಿದೆ. ಶಿಮೋನ್ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಅಂದ: "ಕಿಂಗಾ, ಮಾರೋಕೆ ಬಂದವನು ಬಾಗಿಲು ತಟ್ಟಿದ್ರೆ ಜನ ನಾಯಿ ಬಿಡ್ತಾರೆ. ಮದುಮಗಳು ತಟ್ಟಿದ್ರೆ ಕಾಫಿ ಕೊಡ್ತಾರೆ."

ನಮ್ಮ ಕಂಪನಿಯ ಯಂತ್ರ ನಿನಗೆ ಗೊತ್ತಲ್ಲ. ಹೊರಗಿನ ಗಾಳಿಯಿಂದ ಬಿಸಿ ಎಳೆದು ಮನೆಯೊಳಕ್ಕೆ ಬಿಡುತ್ತದೆ, ಹೊಗೆ ಇಲ್ಲ, ಮಸಿ ಇಲ್ಲ. ಛಾವಣಿಯ ಮೇಲೆ ಸೌರ ಫಲಕ. ಸಣ್ಣ ಪಿಂಚಣಿಯವರಿಗೆ ಖರ್ಚಿನ ಹತ್ತರಲ್ಲಿ ಒಂಬತ್ತು ಪಾಲು ಸರ್ಕಾರದ ಸಬ್ಸಿಡಿ! ಶಿಮೋನ್ ಮಾರುತ್ತಾನೆ, ನಾನು ಆಫೀಸಿನಲ್ಲಿ ಅರ್ಜಿ ತುಂಬುತ್ತೇನೆ. ಈ ವರ್ಷ ಕಲ್ಲಿದ್ದಲಿನ ಬೆಲೆ ಮೂರು ಪಟ್ಟಾಗಿದೆ, ಅದೂ ಸಿಗುತ್ತಿಲ್ಲ. ನಿಮ್ಮ ಬೀದಿಯಿಂದಲೇ ಶುರು ಮಾಡೋಣವೇ? ಆ ಹತ್ತು ಮನೆ, ನಿನ್ನದು ಹನ್ನೊಂದನೆಯದು. ನೀನು ಜೊತೆಗಿದ್ದರೆ ಸಾಕು. ಪ್ಲೀಸ್, ಪ್ಲೀಸ್, ದೊಡ್ಡಮ್ಮ!

ನಿನ್ನನ್ನು ಬಿಗಿಯಾಗಿ ಅಪ್ಪಿಕೊಂಡು,
ನಿನ್ನ ಕಿಂಗಾ (ಈಗ ಶ್ರೀಮತಿ!)


ಲಿಪೊವಾ ಬೀದಿ, 9 ಜೂನ್ 2022

ಕಿಂಗಾ,

ನಿನ್ನ ಕಾಗದದಲ್ಲಿ ಆಶ್ಚರ್ಯಚಿಹ್ನೆ ಎಣಿಸಲು ಹೋಗಿ ಅರ್ಧಕ್ಕೆ ಬಿಟ್ಟೆ. ಹೊಸತರಲ್ಲಿ ನನಗೂ ನಿನ್ನ ದೊಡ್ಡಪ್ಪನಿಗೂ ಹೀಗೇ ಇತ್ತು, ಆದರೆ ನಮಗೆ ಬರೆಯಲು ಪುರುಸೊತ್ತಿರಲಿಲ್ಲ.

ಎದುರು ಮನೆಯ ಎರ್ವಿನ್‌ಗೂ ಅವನ ಹೆಂಡತಿ ರೊಜಾಲ್ಯಾಗೂ ಓದಿ ಹೇಳಿದೆ. ಎರ್ವಿನ್ ಕಾಫಿ ಲೋಟ ಕೆಳಗಿಟ್ಟ. "ಗಾಳಿಯಿಂದ ಬಿಸಿ ತೆಗೀತಾರಾ? ಮತ್ತೆ ನಾನ್ಯಾಕೆ ಮೂವತ್ತು ವರ್ಷ ಏಳುನೂರು ಮೀಟರ್ ಕೆಳಗೆ ಇಳಿದೆ? ಅಂಗಳದಲ್ಲಿ ಕೂತಿದ್ರೆ ಆಗ್ತಿತ್ತಲ್ಲ!"

"ನೀನು ಇಳಿದಿದ್ದು ಬಿಸಿಗಲ್ಲ, ನನ್ನಿಂದ ತಪ್ಪಿಸಿಕೊಳ್ಳೋಕೆ," ಎಂದಳು ರೊಜಾಲ್ಯಾ.

ಅಲ್ಲಿಂದ ಜಗಳ ಸರ್ಕಾರದ ಕಡೆ ತಿರುಗಿತು. "ಸೂರ್ಯ ಪುಕ್ಕಟೆ, ಗಾಳಿ ಪುಕ್ಕಟೆ ಅಂತ ಟೀವಿಯಲ್ಲಿ ಬಡ್ಕೋತಾರೆ. ಪುಕ್ಕಟೆ ಆದ್ರೆ ಸಬ್ಸಿಡಿ ಯಾಕಮ್ಮಾ? ನನ್ನ ತೆರಿಗೆಯಲ್ಲಿ ಇನ್ಯಾರದೋ ಛಾವಣಿಗೆ ಗಾಜು ಅಂಟಿಸ್ತಾರೆ," ಎಂದ. ನಾನೂ ಬಿಡಲಿಲ್ಲ. "ನಮ್ಮ ಅಂಗಳಕ್ಕೆ ವರ್ಷವರ್ಷವೂ ಗಣಿಯವರು ಪುಕ್ಕಟೆ ಕಲ್ಲಿದ್ದಲು ಸುರೀತಿದ್ರಲ್ಲ, ಗಣಿ ನಷ್ಟದಲ್ಲಿ ಮುಳುಗಿದ್ದ ವರ್ಷವೂ ಸುರಿದ್ರಲ್ಲ, ಅದು ಯಾರ ದುಡ್ಡು ಎರ್ವಿನ್? ನಿಮ್ಮ ತಾತಂದಾ?" "ಅದು ನಾವು ದುಡಿದದ್ದು," ಎಂದ. "ದುಡಿದಿದ್ದಕ್ಕೆ ಸಂಬಳ ಬಂತು. ಇದು ಅದರ ಮೇಲಿಂದು," ಎಂದೆ. ಸಿಟ್ಟು ಮಾಡಿಕೊಂಡು ಎದ್ದು ಹೋದವನು ಬಾಗಿಲಲ್ಲಿ ತಿರುಗಿ ಕೇಳಿದ: "ಆ ಅರ್ಜಿ ಎಲ್ಲಿ ಸಿಗುತ್ತಂತೆ?"

ನನಗೆ ಹೊಗೆ ಸಾಕಾಗಿದೆ, ಮಗೂ. ಕೊನೆಯ ಎರಡು ವರ್ಷ ನಿನ್ನ ದೊಡ್ಡಪ್ಪ ಕೆಮ್ಮುತ್ತಿದ್ದದ್ದು ನನಗೆ ಕೇಳಿಸುತ್ತಿರಲಿಲ್ಲ. ಮಂಚ ಅಲುಗುವುದು ಮಾತ್ರ ಗೊತ್ತಾಗುತ್ತಿತ್ತು.

ಬನ್ನಿ. ನಾನು ಜೊತೆಗೆ ಬರುತ್ತೇನೆ. ಆದರೆ ಒಂದು ಮಾತು ನೆನಪಿಟ್ಟುಕೋ. ಜನ ಬಾಗಿಲು ತೆರೆಯುವುದು ನಿನ್ನ ಗಂಡನ ಯಂತ್ರಕ್ಕಲ್ಲ, ನನ್ನ ಮುಖಕ್ಕೆ.

ದೊಡ್ಡಮ್ಮ ಒತಿಲ್ಯಾ


ಒಪೋಲೆ, 17 ಜುಲೈ 2022

ದೊಡ್ಡಮ್ಮ, ದೊಡ್ಡಮ್ಮ!

ಒಂದೇ ಶನಿವಾರ, ಹನ್ನೊಂದು ಸಹಿ! ಆಫೀಸಿನಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶಿಮೋನ್ ನಿನ್ನನ್ನು ಈಗ "ಬಾಸ್" ಎಂದೇ ಕರೆಯುತ್ತಾನೆ. "ಬಾಸ್ ಒಂದು ಮಾತೂ ಆಡಲಿಲ್ಲ, ಸುಮ್ಮನೆ ಕೂತಿದ್ದರು, ಅದಕ್ಕೇ ಜನ ನಂಬಿದರು," ಎನ್ನುತ್ತಾನೆ. ನಿಜ, ನೀನು ತಲೆಯಾಡಿಸಿದ್ದೇ ಸಾಕಾಯಿತು.

ನೀವು ಸಹಿ ಹಾಕಿಕೊಟ್ಟ ಖಾಲಿ ಅರ್ಜಿಗಳನ್ನೆಲ್ಲ ನಾನೇ ಕೂತು ತುಂಬಿದೆ. ಹನ್ನೆರಡು ಪುಟ ಒಂದೊಂದೂ! ಒಂದು ಕಡೆ, "ಹೊರಗೋಡೆಗೆ ಶಾಖ ಹಿಡಿದಿಡುವ ಹೊದಿಕೆ ಇದೆಯೇ?" ಎಂದಿತ್ತು. ಇಲ್ಲ ಎಂದು ಬರೆದರೆ ಮೊದಲು ಗೋಡೆಗೆ ಹೊದಿಕೆ ಮಾಡಿಸಬೇಕು, ಯಂತ್ರ ಆಮೇಲೆ, ಅಂದರೆ ಇನ್ನೊಂದು ಚಳಿಗಾಲ ಕಲ್ಲಿದ್ದಲಿಗೆ ಸಾಲು ನಿಲ್ಲಬೇಕು. ಶಿಮೋನ್ ಹೇಳಿದ, "ಒಂದೂವರೆ ಇಟ್ಟಿಗೆ ದಪ್ಪದ ಗೋಡೆ ಅದು. ಅದಕ್ಕಿಂತ ಹೊದಿಕೆ ಬೇಕಾ?" ನನಗೂ ಸರಿ ಅನ್ನಿಸಿತು. ಅಮ್ಮ ಜರ್ಮನಿಗೆ ಮುದುಕರನ್ನು ನೋಡಿಕೊಳ್ಳಲು ಹೋದಾಗಲೆಲ್ಲ ನಾನು ನಿನ್ನ ಮನೆಯಲ್ಲೇ ಚಳಿಗಾಲ ಕಳೆದವಳಲ್ಲವೇ? ಅಷ್ಟು ಬೆಚ್ಚಗಿನ ಮನೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ! "ಇದೆ" ಎಂದು ಗುರುತು ಹಾಕಿದೆ, ಹನ್ನೊಂದಕ್ಕೂ.

ಚಳಿ ಬರುವುದರೊಳಗೆ ಎಲ್ಲ ಜೋಡಣೆ ಮುಗಿಯುತ್ತದೆ. ಇನ್ನು ನೀನು ಕಲ್ಲಿದ್ದಲಿನ ಬಕೆಟ್ ಮುಟ್ಟುವಂತಿಲ್ಲ!

ಸಾವಿರ ಮುತ್ತು,
ಕಿಂಗಾ


ಲಿಪೊವಾ ಬೀದಿ, 25 ಸೆಪ್ಟೆಂಬರ್ 2022

ಕಿಂಗಾ,

ಯಂತ್ರ ಬಂತು. ಹಿತ್ತಲ ಗೋಡೆಗೆ ಆತು ನಿಂತಿದೆ, ದೊಡ್ಡ ಫ್ಯಾನು ಇಟ್ಟ ಬಿಳಿ ಬೀರುವಿನ ಹಾಗೆ. ಬೀದಿಯ ಹನ್ನೊಂದು ಮನೆಗೂ ಒಂದೊಂದು. ಪಾದ್ರಿಗಳು ಬಂದು ನೋಡಿ, "ಇದಕ್ಕೂ ಆಶೀರ್ವಾದ ಮಾಡಬೇಕಾ?" ಎಂದು ಕೇಳಿದರು. ಎರ್ವಿನ್, "ಮೊದಲು ಬಿಲ್ಲು ಬರಲಿ ಫಾದರ್, ಆಮೇಲೆ ಯಾವ ಪ್ರಾರ್ಥನೆ ಅಂತ ನೋಡೋಣ," ಎಂದ.

ಮನೆ ಕಾಯಿಸುತ್ತಿದ್ದ ಹಳೆಯ ಕಲ್ಲಿದ್ದಲು ಒಲೆಯನ್ನು ಉಳಿಸಿಕೊಳ್ಳುವಂತಿಲ್ಲವಂತೆ. ಸಬ್ಸಿಡಿಯ ನಿಯಮ. ನೆಲಮಾಳಿಗೆಯಿಂದ ಮೂವರು ಅದನ್ನು ಮೆಟ್ಟಿಲ ಮೇಲೆ ಎಳೆದು ತಂದು ಅಂಗಳದಲ್ಲಿ ಗ್ಯಾಸಿನಿಂದ ಎರಡು ತುಂಡು ಮಾಡಿದರು. ಫೋಟೋ ತೆಗೆದರು. ಗುಜರಿಯವನು ಚೀಟಿ ಕೊಟ್ಟ. ಆ ಚೀಟಿಯೂ ಅರ್ಜಿಗೆ ಸೇರುತ್ತದಂತೆ. ಹೊಗೆ ಕೊಳವೆಗೂ ಮುಚ್ಚಳ ಬಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಗಬೇಕಿತ್ತು, ನಕ್ಕೆ.

ಬಿಸಿಲಿದೆ. ಫಲಕಗಳು ಕೆಲಸ ಮಾಡುತ್ತಿವೆ. ರೊಜಾಲ್ಯಾ ಮೀಟರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು, "ನಾನೀಗ ವಿದ್ಯುತ್ ಕಾರ್ಖಾನೆಯ ಯಜಮಾನಿ," ಎಂದು ಎಲ್ಲರಿಗೂ ಹೇಳುತ್ತಿದ್ದಾಳೆ.

ಶಿಮೋನ್‌ಗೆ ಹೇಳು, ಕಡುಬಿನ ಹಿಟ್ಟಿಗೆ ನಾಲ್ಕರಲ್ಲಿ ಒಂದು ಪಾಲು ಪಿಷ್ಟ ಹಾಕಬೇಕು.

ದೊಡ್ಡಮ್ಮ


ರಿಬ್ನಿಕ್ ಬಸ್ಸಿನಲ್ಲಿ, 20 ನವೆಂಬರ್ 2022

ಕಿಂಗಾ,

ಅಕ್ಷರ ಕುಣಿದರೆ ತಪ್ಪು ಬಸ್ಸಿನದು. ಎಪ್ಪತ್ತು ದಾಟಿದವರಿಗೆ ಟಿಕೆಟ್ ಇಲ್ಲ, ಇಷ್ಟು ದಿನ ನಾನು ಅದನ್ನು ಬಳಸಿಕೊಂಡೇ ಇರಲಿಲ್ಲ. ಈಗ ದಿನಾ ಹೊರಡುತ್ತೇನೆ. ಬೆಳಿಗ್ಗೆ ರಿಬ್ನಿಕ್, ಅಲ್ಲಿಂದ ವೊಜಿಸ್ವಾವ್, ಮತ್ತೆ ರಿಬ್ನಿಕ್. ಡ್ರೈವರ್ ನನಗಾಗಿ ಮೂರನೆಯ ಸೀಟು ಬಿಟ್ಟಿರುತ್ತಾನೆ. ಅದರ ಕೆಳಗೆ ಹೀಟರ್ ಇದೆ.

ಸಮಾಧಿಯ ಹಬ್ಬದಲ್ಲಿ ನಿನ್ನ ದೊಡ್ಡಪ್ಪನಿಗೆ ಬಿಳಿ ಸೇವಂತಿಗೆ ಇಟ್ಟು ದೀಪ ಹಚ್ಚಿದೆ. ನಿನ್ನ ಹೆಸರಿನಲ್ಲೂ ಒಂದು ಹಚ್ಚಿದೆ.

ಕ್ರಿಸ್ಮಸ್ ಹಿಂದಿನ ಸಂಜೆಯ ಊಟಕ್ಕೆ ಈ ವರ್ಷ ಇಲ್ಲಿಗೆ ಬರಬೇಡ. ಮೊದಲ ವರ್ಷದ ಸೊಸೆ ಅತ್ತೆ ಮನೆಯಲ್ಲಿದ್ದರೇ ಚೆಂದ. ನನಗೇನೂ ಬೇಸರವಿಲ್ಲ.

ದೊಡ್ಡಮ್ಮ


ಒಪೋಲೆ, 27 ನವೆಂಬರ್ 2022

ನನ್ನ ಲೋಕಸಂಚಾರಿ ದೊಡ್ಡಮ್ಮನಿಗೆ!

ಕಾಗದ ಓದಿ ನಾನೂ ಶಿಮೋನೂ ಕುಣಿದುಬಿಟ್ಟೆವು! ಮೂವತ್ತು ವರ್ಷ ಒಲೆಗೆ ಕಟ್ಟಿಹಾಕಿದ ಹಾಗಿದ್ದೆ, ಬೆಂಕಿ ಆರುತ್ತದೆಂದು ಒಂದು ದಿನವೂ ಊರು ಬಿಟ್ಟವಳಲ್ಲ. ಈಗ ನೋಡು, ಬೆಳಿಗ್ಗೆ ರಿಬ್ನಿಕ್, ಮಧ್ಯಾಹ್ನ ವೊಜಿಸ್ವಾವ್! ಶಿಮೋನ್ ಆಫೀಸಿನ ಸಭೆಯಲ್ಲಿ ನಿನ್ನ ಕಥೆ ಹೇಳಿದನಂತೆ: "ಇದು ಬರೀ ಯಂತ್ರವಲ್ಲ, ಬಿಡುಗಡೆ." ಈ ವರ್ಷದ ಅತಿ ಹೆಚ್ಚು ಮಾರಾಟ ಅವನದೇ, ಗೊತ್ತಾ! ಹೊಸ ಸೋಫಾ ತೆಗೆದುಕೊಂಡಿದ್ದೇವೆ, ಸಾಸಿವೆ ಬಣ್ಣದ್ದು. ನಾನು ದಿನಾ ಅದರ ಮೇಲೆ ಹೊರಳಾಡುತ್ತೇನೆ!

ಡಿಸೆಂಬರ್ ಹದಿಮೂರು ನಿನ್ನ ಹೆಸರಿನ ಸಂತಳ ಹಬ್ಬ. ಏನು ಮಾಡುತ್ತೇನೆಂದು ಹೇಳುವುದಿಲ್ಲ!

ಕಿಂಗಾ


ಒಪೋಲೆ, 14 ಡಿಸೆಂಬರ್ 2022

ದೊಡ್ಡಮ್ಮ,

ನಿನ್ನೆ ನಿನ್ನೆದುರು ಬಾಯಿ ಬರಲಿಲ್ಲ. ಬರೆಯುತ್ತೇನೆ.

ಹೇಳದೆ ಬಂದು ನಿನ್ನನ್ನು ಬೆಚ್ಚಿಬೀಳಿಸಬೇಕೆಂದಿದ್ದೆ. ನನ್ನ ಹತ್ತಿರ ಬೀಗದ ಕೈ ಇತ್ತಲ್ಲ. ಒಳಗೆ ಹೋದೆ. ನನ್ನ ಉಸಿರು ನನಗೇ ಕಾಣಿಸಿತು. ಕಿಟಕಿಯ ಒಳಬದಿಯಲ್ಲಿ ಮಂಜು ಕಟ್ಟಿತ್ತು. ಮಂಚ ಅಡುಗೆಮನೆಗೆ ಬಂದಿತ್ತು. ಅದರ ಮೇಲೆ ನಿನ್ನ ಎರಡು ಕಂಬಳಿ, ಕಂಬಳಿಯ ಮೇಲೆ ದೊಡ್ಡಪ್ಪನ ಗಣಿಯ ಕೋಟು. ಯಂತ್ರದ ಪರದೆಯಲ್ಲಿ ಹನ್ನೊಂದು ಡಿಗ್ರಿ. ಮೇಜಿನ ಮೇಲೆ ವಿದ್ಯುತ್ ಬಿಲ್ಲು, ಅದರ ಮೇಲೆ ನಿನ್ನ ಕನ್ನಡಕ. ನಿನ್ನ ತಿಂಗಳ ಪಿಂಚಣಿಗಿಂತ ಹೆಚ್ಚಿನ ಬಿಲ್ಲು ಅದು.

ಶಿಮೋನ್‌ಗೆ ಫೋನ್ ಮಾಡಿದೆ. ಅವನು, "ಚಳಿ ಹೆಚ್ಚಾದರೆ ಯಂತ್ರಕ್ಕೆ ಗಾಳಿಯಿಂದ ಬಿಸಿ ಸಾಲದು, ಬರೀ ಕರೆಂಟಿನಿಂದ ಕಾಯಿಸುತ್ತೆ. ಫಲಕಕ್ಕೆ ಬಿಸಿಲೂ ಇಲ್ಲ. ಗೋಡೆ ಬಿಸಿಯನ್ನೆಲ್ಲ ಹೊರಗೆ ಬಿಡುತ್ತೆ," ಎಂದ. "ನಿನಗೆ ಗೊತ್ತಿತ್ತಾ?" ಎಂದು ಕೇಳಿದೆ. "ಎಲ್ಲರಿಗೂ ಗೊತ್ತು ಕಿಂಗಾ," ಎಂದ.

ನಾಲ್ಕೂವರೆಗೆ ನೀನು ಬಸ್ಸಿಳಿದು ಬಂದೆ. ನನ್ನನ್ನು ನೋಡಿ ನೀನೇ ತಪ್ಪಿತಸ್ಥೆಯ ಹಾಗೆ ನಿಂತೆ. "ಬರ್ತೀಯಂತ ಗೊತ್ತಿದ್ರೆ ಯಂತ್ರ ಜೋರು ಮಾಡಿಟ್ಟಿರ್ತಿದ್ದೆ ಮಗೂ," ಎಂದೆ ನೀನು. ಬಸ್ಸಿನ ಮೂರನೆಯ ಸೀಟು! ಅದನ್ನು ಓದಿ ನಾವು ಕುಣಿದಿದ್ದೆವು.

ಹೊರಡುವಾಗ ರೊಜಾಲ್ಯಾ ಅತ್ತೆ ಬೇಲಿಯ ಹತ್ತಿರ ಇದ್ದರು. ನಮಸ್ಕಾರ ಎಂದೆ. ಅವರು ನನ್ನ ಶೂಗಳನ್ನು ನೋಡಿದರು. ನಾನು ಬೀದಿಯಲ್ಲಿ ನಡೆಯಲಾರದೆ ಹಿತ್ತಲ ದಾರಿಯಿಂದ ಕಾರಿಗೆ ಹೋದೆ. ನಿನಗೆ ಕೈ ಬೀಸಲೂ ಇಲ್ಲ.

ಕಿಂಗಾ


ಒಪೋಲೆ, 8 ಜನವರಿ 2023

ದೊಡ್ಡಮ್ಮ,

ನೀನು ಉತ್ತರ ಬರೆದಿಲ್ಲ. ಬರೆಯಬೇಕೆಂದೇನೂ ಇಲ್ಲ. ನಾನು ಕಳಿಸಿದ ವಿದ್ಯುತ್ ಹೀಟರನ್ನು ಅಂಚೆಯವನು ವಾಪಸ್ ತಂದ; "ಬೇಡ" ಎಂದು ನಿನ್ನದೇ ಅಕ್ಷರ. ಅದಕ್ಕೂ ಕರೆಂಟು ಬೇಕಲ್ಲ. ಅಷ್ಟು ಕೂಡ ನನಗೆ ಹೊಳೆಯಲಿಲ್ಲ.

ನಾನು ಆ ಗುರುತು ಯಾಕೆ ಹಾಕಿದೆ ಎಂದು ದಿನವೂ ಯೋಚಿಸುತ್ತೇನೆ. ಶಿಮೋನ್ ಹೇಳಿದ್ದಕ್ಕೆ ಎಂದರೆ ಸುಳ್ಳು. ನಿನ್ನ ಮನೆ ಬೆಚ್ಚಗಿರುತ್ತದೆ ಎಂದು ನಾನು ನಿಜವಾಗಿ ನಂಬಿದ್ದೆ. ಏಳನೆಯ ವಯಸ್ಸಿನಲ್ಲಿ ಬರಿಗಾಲಲ್ಲಿ ಓಡಾಡಿದವಳು ನಾನು. ಆ ಬಿಸಿ ಗೋಡೆಯದು ಅಂದುಕೊಂಡಿದ್ದೆ. ನೀನು ನಾಲ್ಕು ಗಂಟೆಗೇ ಎದ್ದು ನೆಲಮಾಳಿಗೆಗೆ ಇಳಿಯುತ್ತಿದ್ದದ್ದು, ನಾನು ಏಳುವ ಹೊತ್ತಿಗೆ ಒಲೆಗೆ ಮೂರು ಬಕೆಟ್ ಕಲ್ಲಿದ್ದಲು ಹಾಕಿ ಕೈ ತೊಳೆದು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದದ್ದು, ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ನಿನ್ನ ಕೆಲಸವನ್ನು ಇಟ್ಟಿಗೆಯ ಹೆಸರಿಗೆ ಬರೆದುಬಿಟ್ಟೆ.

ನಿನ್ನೆ ಮನೆಯಲ್ಲಿ ಶಿಮೋನ್ ಜೊತೆ ಜಗಳವಾಯಿತು. "ಸಬ್ಸಿಡಿ ಇಲ್ಲದಿದ್ರೆ ನಿನ್ನ ದೊಡ್ಡಮ್ಮ ಸಾಯೋವರೆಗೂ ಹೊಗೆ ಕುಡೀತಿದ್ರು. ಯಂತ್ರ ಒಳ್ಳೇದೇ. ಹೊಸ ಮನೆಗಳಲ್ಲಿ ಚೆನ್ನಾಗೇ ನಡೀತಿದೆ. ಗೋಡೆಗೂ ಸರ್ಕಾರ ದುಡ್ಡು ಕೊಡ್ತಿತ್ತು, ಕಾಯೋರು ಯಾರಿದ್ರು? ಜನಕ್ಕೆ ಅವಸರ, ಕಂಪನಿಗೆ ಅವಸರ," ಎಂದ. "ನಮಗೂ," ಎಂದೆ. ಸೋಫಾದ ಮೇಲೆ ಕೂತಿದ್ದವನು ಎದ್ದು ಹೋಗಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತ.

ನಾನು ಅವನನ್ನು ಪ್ರೀತಿಸುತ್ತೇನೆ, ದೊಡ್ಡಮ್ಮ. ಅದನ್ನು ಈ ಕಾಗದದಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಕಿಂಗಾ


ಲಿಪೊವಾ ಬೀದಿ, 29 ಜನವರಿ 2023

ಕಿಂಗಾ,

ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ. ಏನು ಬರೆದರೂ ದೂರಿನ ಹಾಗೆ ಕೇಳುತ್ತಿತ್ತು.

ಈ ಬೀದಿಯಲ್ಲಿ ಈಗ ನಾನು ಯಾರ ಮನೆಗೂ ಹೋಗುವುದಿಲ್ಲ. ಯಾರೂ ಬೈದಿಲ್ಲ. ಬೈದಿದ್ದರೆ ವಾಸಿಯಿತ್ತು. ಅಂಗಡಿಯಲ್ಲಿ ಸಾಲಿನಲ್ಲಿ ನಿಂತರೆ ನನ್ನ ಹಿಂದೆ ಮುಂದೆ ಒಂದೊಂದು ಮೊಳ ಜಾಗ ಬಿಡುತ್ತಾರೆ. ಎರ್ವಿನ್ ಮಾತ್ರ ಬಂದು ಕೂಗಾಡಿ ಹೋದ. "ಸಬ್ಸಿಡಿ ಅನ್ನೋದೇ ಮೋಸ! ನಾನು ಮೊದಲೇ ಹೇಳಿದ್ದೆ!" ಎಂದ. "ಮೊದಲು ಹೇಳಿದೆ, ಆಮೇಲೆ ಅರ್ಜಿ ಕೇಳಿದೆ," ಎಂದೆ. "ನಿನ್ನ ಮುಖ ನೋಡಿ ಕೇಳಿದೆ ಒತಿಲ್ಯಾ," ಎಂದ. ಅವನ ತುಟಿಯಲ್ಲಿ ಅದನ್ನು ಓದಿದೆ. ಟೀವಿಯಲ್ಲಿ ಒಬ್ಬ ಸಬ್ಸಿಡಿ ನಿಲ್ಲಿಸಬೇಕು ಅನ್ನುತ್ತಾನೆ, ಇನ್ನೊಬ್ಬ ಇನ್ನೂ ಕೊಡಬೇಕು ಅನ್ನುತ್ತಾನೆ. ಇಬ್ಬರೂ ಬರೀ ಅಂಗಿಯಲ್ಲಿ ಕೂತಿರುತ್ತಾರೆ. ಸ್ಟುಡಿಯೋ ಬೆಚ್ಚಗಿರಬೇಕು.

ಹೋದ ಸೋಮವಾರ ಸಬ್ಸಿಡಿ ಕಚೇರಿಯಿಂದ ಒಬ್ಬಳು ತನಿಖೆಗೆ ಬಂದಳು. ನಿನ್ನ ವಯಸ್ಸಿನವಳು, ಒಳ್ಳೆಯ ಹುಡುಗಿ, ಕೋಟು ಬಿಚ್ಚಲಿಲ್ಲ. ಗೋಡೆ ಬಡಿದು ನೋಡಿದಳು. "ಇಲ್ಲಿ ಹೊದಿಕೆ ಇಲ್ಲ. ಅರ್ಜಿಯಲ್ಲಿ ಇದೆ ಅಂತ ಬರೆದಿದೆ. ಗುರುತು ಹಾಕಿದ್ದು ಯಾರು?" ಎಂದು ಚೀಟಿಯಲ್ಲಿ ಬರೆದು ತೋರಿಸಿದಳು. ಮನೆಯವರೇ ಸುಳ್ಳು ಹೇಳಿದ್ದರೆ ಸಬ್ಸಿಡಿಯನ್ನೆಲ್ಲ ಮನೆಯವರು ಹಿಂದಿರುಗಿಸಬೇಕು. ಕಂಪನಿಯವರು ಹಾಕಿದ್ದರೆ ಕಂಪನಿ ಹಿಂದಿರುಗಿಸಬೇಕು, ಹಾಕಿದವರ ಮೇಲೆ ಪೊಲೀಸ್ ಕೇಸು.

ನಾನು ಹೇಳಿದೆ, "ಅರ್ಜಿ ತುಂಬಿದ ಹುಡುಗಿ ಕೇಳಿದಳು, ಹೊದಿಕೆ ಇದೆ ಅಂತ ನಾನೇ ಹೇಳಿದೆ."

ಬರೆದುಕೊಂಡು ಸಹಿ ತೆಗೆದುಕೊಂಡಳು. ನನಗೆ ಹೆಮ್ಮೆಯೇ ಆಯಿತು, ನಿನ್ನನ್ನು ಉಳಿಸಿದೆ ಎಂದು. ಸಂಜೆ ರೊಜಾಲ್ಯಾ ಬಂದಳು. ಹೊಸ್ತಿಲು ದಾಟಲಿಲ್ಲ. ನನಗೆ ಕೇಳಿಸಲಿ ಎಂದು ನಿಧಾನವಾಗಿ ಹೇಳಿದಳು: "ಒತಿಲ್ಯಾ ಅವರೇ ಒಪ್ಪಿಕೊಂಡಿದ್ದಾರೆ, ಹಾಗಾದ್ರೆ ನೀವೂ ಹಾಗೇ ಮಾಡಿರಬೇಕು ಅಂದಳು ಆ ಹುಡುಗಿ. ಹತ್ತು ಮನೆಯಲ್ಲೂ ಅದನ್ನೇ ಅಂದಳು. ನಿನ್ನ ಮಗಳನ್ನು ಉಳಿಸೋಕೆ ನಮ್ಮನ್ನೆಲ್ಲ ಕಳ್ಳರು ಮಾಡಿದೆಯಲ್ಲೇ."

ಅವಳು ನಿನ್ನನ್ನು ನನ್ನ ಮಗಳು ಎಂದಳು. ನಾನು ತಿದ್ದಲಿಲ್ಲ.

ದೊಡ್ಡಮ್ಮ


ಒಪೋಲೆ, 12 ಫೆಬ್ರವರಿ 2023

ದೊಡ್ಡಮ್ಮ,

ಶುಕ್ರವಾರ ಸಬ್ಸಿಡಿ ಕಚೇರಿಗೆ ಹೋಗಿ ಹೇಳಿಕೆ ಕೊಟ್ಟು ಬಂದೆ. ಹನ್ನೊಂದು ಅರ್ಜಿಗಳನ್ನೂ ಖಾಲಿ ಇರುವಾಗಲೇ ಸಹಿ ಹಾಕಿಸಿಕೊಂಡಿದ್ದೆವು, ಗೋಡೆಯ ವಿಷಯ ಯಾರನ್ನೂ ಕೇಳಲಿಲ್ಲ, ಗುರುತು ಹಾಕಿದ್ದು ನಾನು. ಇಷ್ಟೇ ಬರೆದದ್ದು. ನಾಲ್ಕು ಸಾಲು. ನಾಲ್ಕು ಸಾಲಿಗೆ ಎರಡು ಗಂಟೆ ಹಿಡಿಯಿತು.

ಶಿಮೋನ್‌ಗೆ ಹಿಂದಿನ ದಿನವೇ ಹೇಳಿದ್ದೆ. "ಹನ್ನೊಂದು ಮನೆಗೆ ನಿಲ್ಲೋದಿಲ್ಲ ಇದು. ನಾನು ಮಾರಿದ್ದು ಮುನ್ನೂರು ಮನೆಗೆ," ಎಂದ. ಬ್ಯಾಗು ತೆಗೆದುಕೊಂಡು ಅವರ ಅಮ್ಮನ ಮನೆಗೆ ಹೋದ. ಬ್ಯಾಗಿನಲ್ಲಿ ಎರಡೇ ಅಂಗಿ ಇದ್ದವು, ನಾನು ನೋಡಿದೆ.

ನೀನು ನನಗಾಗಿ ಸುಳ್ಳು ಹೇಳಿದೆ ಎಂದು ಓದಿದಾಗ ಮೊದಲು ನನಗೇನಾಯಿತು ಗೊತ್ತೇ? ಸದ್ಯ, ಪಾರಾದೆ ಎನ್ನಿಸಿತು. ಒಂದು ಇಡೀ ದಿನ ಹಾಗೇ ಇದ್ದೆ. ಅಂಗಡಿಗೆ ಹೋಗಿ ಹಾಲು ತಂದೆ, ಹಾಡು ಗುನುಗಿದೆ. ಚಳಿಯಲ್ಲಿ ಕೂತ ನಿನ್ನ ಸುಳ್ಳಿನ ಮೇಲೆ ನಾನು ಬೆಚ್ಚಗೆ ಕೂತಿದ್ದೆ. ಉಳಿದುದಕ್ಕೆಲ್ಲ ಏನಾದರೂ ಸಬೂಬು ಹೇಳಬಹುದು, ಆ ಒಂದು ದಿನಕ್ಕೆ ನನ್ನ ಹತ್ತಿರ ಸಬೂಬಿಲ್ಲ.

ಕಿಂಗಾ


ಲಿಪೊವಾ ಬೀದಿ, 26 ಫೆಬ್ರವರಿ 2023

ಕಿಂಗಾ,

ಕಚೇರಿಯಿಂದ ಪತ್ರ ಬಂದಿದೆ. ಒಂದೇ ಗುರುತಿನ ಹೊಣೆಯನ್ನು ಇಬ್ಬರು ಒಪ್ಪಿಕೊಂಡಿದ್ದಾರೆ, ಮಾರ್ಚ್ ಹದಿನೈದರೊಳಗೆ ಒಬ್ಬರು ತಮ್ಮ ಹೇಳಿಕೆಯನ್ನು ಹಿಂತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಮನೆಯವರ ಸಹಿಯೇ ಲೆಕ್ಕಕ್ಕೆ, ಹನ್ನೊಂದು ಮನೆಯೂ ದುಡ್ಡು ಕಟ್ಟಬೇಕು.

ನಾನು ಅದನ್ನು ಮೂರು ಸಲ ಓದಿದೆ. ನಾನು ಹಿಂತೆಗೆದುಕೊಂಡರೆ ನಿನ್ನ ಮೇಲೆ ಕೇಸು. ನಿನಗೆ ಇಪ್ಪತ್ತಾರು ವರ್ಷ.

ನೀನು ಹೇಳಿಕೆ ಕೊಟ್ಟ ವಿಷಯ ರೊಜಾಲ್ಯಾಗೆ ಹೇಳಿದೆ. "ಕಾಗದದಲ್ಲಿ ಹೇಳೋದು ಸುಲಭ. ಸಹಿ ಕೇಳೋಕೆ ನಮ್ಮ ಮನೆಗೆ ಕಾಗದ ಕಳಿಸಿದ್ಲಾ? ತಾನೇ ಬಂದಿದ್ಲು. ಈಗಲೂ ತಾನೇ ಬರಲಿ," ಎಂದಳು. ಭಾನುವಾರ ಹತ್ತೂವರೆಯ ಪೂಜೆ ಮುಗಿದ ಮೇಲೆ ಎಲ್ಲರೂ ಚರ್ಚಿನ ಮುಂದೆ ನಿಲ್ಲುತ್ತಾರೆ. ಅದು ನಿನಗೆ ಗೊತ್ತಿದೆ.

ಬಾ ಎಂದು ನಾನು ಬರೆಯುತ್ತಿಲ್ಲ. ಬರಬೇಡ ಎಂದೂ ಬರೆಯುತ್ತಿಲ್ಲ.

ದೊಡ್ಡಮ್ಮ


ಲಿಪೊವಾ ಬೀದಿ, 13 ಮಾರ್ಚ್ 2023

ನನ್ನ ಕಿಂಗಾ,

ನಿನ್ನೆ ಚರ್ಚಿನ ಮುಂದೆ ನೀನು ಏನು ಹೇಳಿದೆ ಎಂದು ನನಗೆ ಕೇಳಿಸಲಿಲ್ಲ. ಗಾಳಿಯಿತ್ತು, ನೀನು ತಲೆ ತಗ್ಗಿಸಿದ್ದೆ, ತುಟಿಯೂ ಕಾಣಿಸಲಿಲ್ಲ. ಅದಕ್ಕೇ ನಾನು ಜನರ ಮುಖ ನೋಡುತ್ತಿದ್ದೆ. ಒಂದೊಂದು ಮನೆಯ ಹೆಸರು ಹೇಳಿದಾಗಲೂ ಆ ಮನೆಯವರ ಗಲ್ಲ ಸ್ವಲ್ಪ ಮೇಲೆ ಏಳುತ್ತಿತ್ತು. ಹಾಗೆ ನಾನು ಎಣಿಸಿದೆ. ಕೊನೆಗೆ ಎಲ್ಲರೂ ನನ್ನತ್ತ ತಿರುಗಿದರು. ನನ್ನ ಹೆಸರು ಬಂತು ಎಂದು ಗೊತ್ತಾಯಿತು.

ಯಾರೂ ಕೂಗಲಿಲ್ಲ. ಎರ್ವಿನ್ ಟೋಪಿ ಹಾಕಿಕೊಂಡ. ಆಮೇಲೆ ನೀನು ನಿಂತೇ ಇದ್ದೆ, ಯಾರಾದರೂ ಬರುತ್ತಾರೇನೋ ಎಂದು. ಯಾರೂ ಬರಲಿಲ್ಲ. ರಸ್ತೆಯಾಚೆ ಕಾರಿನಲ್ಲಿ ಶಿಮೋನ್ ಕೂತಿದ್ದ. ಇಳಿಯಲಿಲ್ಲ, ಆದರೆ ಎಂಜಿನ್ ಆರಿಸಿದ್ದ.

ನಾನೂ ಬರಲಿಲ್ಲ.

ಹತ್ತು ಹೆಜ್ಜೆಯೂ ಇರಲಿಲ್ಲ, ಕಿಂಗಾ. ಬರಲು ಕಾಲೆತ್ತಿದೆ. ಆಗ ರೊಜಾಲ್ಯಾ ಪಕ್ಕದಿಂದ ನನ್ನ ತೋಳಿಗೆ ತೋಳು ಸೇರಿಸಿದಳು. ಮೂರು ತಿಂಗಳ ಮೇಲೆ ಒಬ್ಬರು ನನ್ನನ್ನು ಮುಟ್ಟಿದ್ದು. ಆ ತೋಳನ್ನು ಬಿಡಿಸಿಕೊಳ್ಳಲು ನನ್ನ ಕೈಲಾಗಲಿಲ್ಲ. ನೀನು ಕಾರಿನ ಬಾಗಿಲು ಹಾಕಿಕೊಳ್ಳುವವರೆಗೂ ನಾನು ಅವರ ಸಾಲಿನಲ್ಲೇ ನಿಂತಿದ್ದೆ. ನೀನು ನನ್ನನ್ನು ನೋಡಿದೆ. ನೋಡಿದ್ದು ಗೊತ್ತು.

ನಾಚಿಕೆ ಎಂದರೆ ಏನು ಎಂದು ಈ ಚಳಿಗಾಲದಲ್ಲಿ ಕಲಿತಿದ್ದೇನೆ ಅಂದುಕೊಂಡಿದ್ದೆ. ಅದು ನಿನ್ನೆ ಕಲಿತದ್ದು.

ನಾಳೆ ಬೆಳಿಗ್ಗೆ ಎರ್ವಿನ್‌ನ ಕಾರಿನಲ್ಲಿ ಕಚೇರಿಗೆ ಹೋಗುತ್ತಿದ್ದೇನೆ. ನನ್ನ ಹೇಳಿಕೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಆ ಹುಡುಗಿ ಮತ್ತೆ ಚೀಟಿಯಲ್ಲಿ ಬರೆದು ಕೇಳುತ್ತಾಳೆ, ಗುರುತು ಹಾಕಿದ್ದು ಯಾರು ಎಂದು. ನಾನು ನಿನ್ನ ಹೆಸರು ಬರೆಯುತ್ತೇನೆ. ಹೆಸರು, ಗಂಡನ ಮನೆಯ ಹೆಸರು, ಒಪೋಲೆಯ ವಿಳಾಸ, ಎಲ್ಲ ಸರಿಯಾಗಿ. ನೀನು ಹನ್ನೊಂದು ಮನೆಯವರ ಮುಂದೆ ನಿಂತು ನಿನ್ನದು ಎಂದದ್ದನ್ನು ನನ್ನದು ಎಂದು ಇಟ್ಟುಕೊಳ್ಳುವ ಹಕ್ಕು ನನಗಿಲ್ಲ.

ಅಲ್ಲಿಂದ ಹೊರಬಂದು ನಾನು ಎರ್ವಿನ್‌ನ ಕಾರು ಹತ್ತುವುದಿಲ್ಲ. ಒಪೋಲೆಯ ರೈಲು ಹನ್ನೊಂದು ಐವತ್ತಕ್ಕೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಾನು ನಿನ್ನ ಬಾಗಿಲು ತಟ್ಟಿ ಆಗಿರುತ್ತದೆ. ನೀನು ತೆರೆದೆಯೋ ಇಲ್ಲವೋ, ಈಗ ಬರೆಯುವಾಗ ನನಗೆ ಗೊತ್ತಿಲ್ಲ.

ಒತಿಲ್ಯಾ